ಗುರುಶಾಂತಪ್ಪನವರ ಸಹಿಗೆ ಬಿಟ್ಟ ಜಾಗ

ಮೊರದಲ್ಲಿ ಜೋಳ ಹಾಕಿಕೊಂಡು ಹರಳು ಆರಿಸುತ್ತ ಕೂತಿದ್ದೆ. ಮೊಮ್ಮಗಳು ಮನೀಷಾ ಕಾಲೇಜಿನಿಂದ ಬಂದಳು, ಸೈಕಲ್ ಮೇಲಲ್ಲ, ಸೈಕಲ್ ಹೊತ್ತುಕೊಂಡು. ಮುಂದಿನ ಗಾಲಿ ಸೊಟ್ಟಗಾಗಿತ್ತು. ಮೊಳಕಾಲು ಕೆತ್ತಿ ರಕ್ತ ಬಂದಿತ್ತು.

"ಹಳಿ ದಾಟಿಸೂ ಮುಂದ ಖಡಿ ಕಲ್ಲಿನ ಮ್ಯಾಲ ಕಾಲು ಜಾರ್ತು, ಆಯಿ. ಗಾಡಿ ಸೀಟಿ ಹೊಡ್ಯಾಕತ್ತಿತ್ತು" ಎಂದಳು.

ದಾಲ್ ಮಿಲ್ಲಿನಿಂದ ಆಗಷ್ಟೇ ಬಂದಿದ್ದ ನನ್ನ ಮಗ ಧನರಾಜ ಅವಳ ಕಾಲು ನೋಡಿದ, ಗಾಲಿ ನೋಡಿದ. "ನಾಳಿಂದ ಕಾಲೇಜ್ ಬಂದ್" ಎಂದ.

"ಪತ್ರ ಹೋಗಲಿ ತಡಿಯೋ. ಸೇತುವೆ ಆಗ್ತದ" ಎಂದೆ.

"ನಿನ್ನ ಪತ್ರ ಗುರುಶಾಂತಪ್ಪನ ಅಂಗಡಿ ಗಲ್ಲಾದಾಗ ಮಕ್ಕೊಂಡದ. ಸಂಕ್ರಾಂತಿಯಿಂದ ಇದೇ ಮಾತು ಕೇಳಾಕತ್ತೇನಿ. ನಾಳಿಗಿ ಪೋಸ್ಟಿನ ಚೀಟಿ ತಂದು ತೋರ್ಸು, ಆಮ್ಯಾಲ ನಿನ್ನ ಮಾತು ಕೇಳ್ತೀನಿ."

ನಾನು ಮೊರ ಬದಿಗಿಟ್ಟು ಮನೀಷಾಳ ಮೊಳಕಾಲು ತೊಳೆದೆ.

ನಮ್ಮ ಓಣಿ ಹುಮನಾಬಾದಿನಲ್ಲಿ ಹಳಿಯ ಈಚೆಗಿದೆ. ಪೇಟೆ, ಕಾಲೇಜು, ದವಾಖಾನೆ ಎಲ್ಲ ಆಚೆಗೆ. ಮೊದಲು ಗೇಟು ಇತ್ತು. ಅದನ್ನು ಮುಚ್ಚಿ ದೂರದಲ್ಲಿ ಹಳಿಯ ಕೆಳಗೆ ದಾರಿ ಮಾಡಿದರು. ಮಳೆ ಬಂದರೆ ಅಲ್ಲಿ ಎಮ್ಮೆ ಈಜಾಡುತ್ತವೆ. ನಡೆಯುವವರಿಗೂ ಸೈಕಲ್ಲಿನವರಿಗೂ ಒಂದು ಮೇಲ್ಸೇತುವೆ ಆಗಲಿ ಎಂದು ಸರ್ಕಾರವನ್ನು ಕೇಳಿದಾಗ, ಎಷ್ಟು ಮಂದಿ ದಾಟುತ್ತಾರೆಂದು ಎಣಿಸಲು ಜನ ಬಂದರು. ದೂರದ ಊರಿನವರು. ಬೆಳಗಿನಿಂದ ಸಂಜೆವರೆಗೆ ಕೊಡೆ ಹಿಡಿದು ಕೂತು ಎಣಿಸಿದರಂತೆ. ದಾಟುವವರು ಬೆರಳೆಣಿಕೆಯಷ್ಟೇ, ಸೇತುವೆ ಬೇಡ ಎಂದು ಬರೆದುಕೊಂಡು ಹೋದರು.

ಬಸವಕಲ್ಯಾಣದ ಎ.ಸಿ. ಕಚೇರಿಗೆ ಬಸ್ಸು ಹತ್ತಿ ಹೋಗಿ ಕೇಳಿದೆ. ಎಣಿಸಿದ್ದು ಯಾವ ದಿನ ಎಂದರೆ, ಎಳ್ಳ ಅಮಾವಾಸ್ಯೆಯ ದಿನ! ಅವತ್ತು ಭಜ್ಜಿ, ರೊಟ್ಟಿ, ಅಂಬಲಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗಿರುತ್ತದೆ. ಹೊಲ ಇಲ್ಲದವರೂ ಯಾರದಾದರೂ ಹೊಲದಲ್ಲಿ ಉಣ್ಣುತ್ತಾರೆ. ಓಣಿಯಲ್ಲಿ ಉಳಿಯುವುದು ನಾಯಿ ಮಾತ್ರ.

"ಖರೆ ಅದ ಆಯಿ" ಎಂದ ಅಲ್ಲಿನ ಗುಮಾಸ್ತ. "ಅವತ್ತ ನಾನೂ ಹೊಲದಾಗೇ ಇದ್ದೆ. ಆದ್ರ ಬಾಯಿಮಾತಿಗೆ ಇಲ್ಲಿ ಕಿಮ್ಮತ್ ಇಲ್ಲ. ಓಣಿ ಮಂದಿ ಸಹಿ ಮಾಡಿದ ಅರ್ಜಿ ಇಲ್ಲಿಗೆ ಪೋಸ್ಟ್ ಮಾಡ್ರಿ, ಮತ್ತ ಎಣಸ್ತಾರ."

ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ ಇದಕ್ಕಾದರೂ ಉಪಯೋಗಕ್ಕೆ ಬರಲಿ ಎಂದು ನಾನೇ ಬರೆದೆ. ಬರೀ ಮೆಟ್ಟಿಲು ಸಾಲದು, ಸೈಕಲ್ ತಳ್ಳಿಕೊಂಡು ಹತ್ತುವಂಥ ಇಳಿಜಾರು ಬೇಕು ಎಂದೂ ಬರೆದೆ. ಓಣಿಯವರೆಲ್ಲ ಸಹಿ ಮಾಡಿದರು. ಆದರೆ ಎಲ್ಲರೂ ಮೊದಲ ಸಾಲು ಬಿಟ್ಟು ಕೆಳಗೆ ಮಾಡಿದರು.

"ಮ್ಯಾಲ ಸಾವ್ಕಾರ್ ಮಾಡ್ಲಿ, ಹಿರ್ಯಾರು" ಎಂದಳು ಪಕ್ಕದ ಮನೆಯ ಖುರ್ಷೀದ್ ಬೇಗಂ. ನಮ್ಮಲ್ಲಿ ಮದುವೆ ಪತ್ರಿಕೆಯಿಂದ ಹಿಡಿದು ಬೋರ್‌ವೆಲ್ ಅರ್ಜಿಯವರೆಗೆ ಹಾಗೆಯೇ.

ಸಾವ್ಕಾರ್ ಎಂದರೆ ಹಳಿ ಪಕ್ಕದ ಕಿರಾಣಿ ಅಂಗಡಿಯ ಗುರುಶಾಂತಪ್ಪ. ಇಳಿಜಾರು ಉದ್ದ ಬೇಕಲ್ಲ, ಅದು ಅವರ ಅಂಗಡಿಯ ಮುಂದೆಯೇ ಹಾದುಹೋಗಿ ಅಂಗಡಿಯನ್ನು ಮರೆಮಾಡುತ್ತದೆ. ಬೇಡವೆಂದು ಅವರು ಒಮ್ಮೆಯೂ ಹೇಳಲಿಲ್ಲ. ಪತ್ರ ಇಸಕೊಂಡು ಇಟ್ಟುಕೊಂಡರು. ಹೋದಾಗಲೆಲ್ಲ ಚಹಾ ಕುಡಿಸಿದರು. ಯುಗಾದಿ ಆಗಲಿ ಎಂದರು, ಬಸವ ಜಯಂತಿ ಆಗಲಿ ಎಂದರು, ಪಂಚಮಿಯೂ ಆಯಿತು. ಇಲ್ಲ ಎಂದವರ ಹತ್ತಿರ ಜಗಳವಾದರೂ ಆಡಬಹುದು. ಚಹಾ ಕೊಡುವವರ ಹತ್ತಿರ ಏನು ಆಡುವುದು?

ಮರುದಿನ ಮನೀಷಾ ಮನೆಯಲ್ಲೇ ಉಳಿದಳು. ನಾನು ಅಂಗಡಿಗೆ ಹೋದೆ.

"ಬರ್ರಿ ಗಯಾಬಾಯಿ, ಕುಂದರ್ರಿ. ಚಾ ತರಸ್ತೀನಿ."

"ಚಾ ಬ್ಯಾಡ್ರಿ. ಸಹಿ ಮಾಡ್ರಿ, ಇಲ್ಲಾ ಪತ್ರ ಕೊಡ್ರಿ."

"ಅದರಾಗ ಒಂದು ಮಾತು ತಿದ್ದಿದ್ರ ಚಲೋ ಇತ್ತು. ಮೆಟ್ಟಿಲ ಸಾಕು ಅಂತ ಬರೀರಿ, ಈಗೇ ಮಾಡ್ತೀನಿ."

"ಮೆಟ್ಟಲ ಮ್ಯಾಲ ಸೈಕಲ್ ಯಾರು ಹೊರಬೇಕ್ರಿ? ನಮ್ಮ ಹುಡುಗಿ ಈಗೂ ಹೊತ್ತೇ ಬಂದಾಳ."

ಅವರು ತಕ್ಕಡಿಯ ತಟ್ಟೆ ಒರೆಸಿದರು, ಮತ್ತೊಮ್ಮೆ ಒರೆಸಿದರು. ಕೊನೆಗೆ ಗಲ್ಲಾ ತೆಗೆದು ಪತ್ರ ಕೊಟ್ಟರು. ಅದಕ್ಕೆ ಅರಿಷಿಣಪುಡಿ ಮೆತ್ತಿತ್ತು.

"ಮೊದಲನೇ ಸಾಲು ಖಾಲಿ ಬಿಟ್ಟು ಕಳಸ್ತೀರೇನು? ಓಣಿಗೆ ಹಿರ್ಯಾರೇ ಇಲ್ಲೇನು ಅಂತ ಮಂದಿ ನಗ್ತಾರ."

"ನಗ್ಲಿ ಬಿಡ್ರಿ. ನಗೂ ಮಂದಿ ಹಳಿ ದಾಟಾಂಗಿಲ್ಲ."

ಪತ್ರ ಸೆರಗಿಗೆ ಒರೆಸಿಕೊಂಡು ಹೊರಗೆ ಬಂದೆ. ಅವರ ಅಂಗಡಿಯಲ್ಲಿ ನಾಳೆಯೂ ಉದ್ದರಿ ಎಣ್ಣೆ ಕೇಳಬೇಕಾದವಳು ನಾನೇ. ಆದರೂ ಹಿಂದಿರುಗಲಿಲ್ಲ. ಹಳಿಯ ಹತ್ತಿರ ಬಂದು, ಎರಡೂ ಕಡೆ ನೋಡಿ, ಸೀರೆ ಎತ್ತಿ ಹಿಡಿದು ಖಡಿ ದಾಟಿದೆ.

ಅಂಚೆ ಕಚೇರಿಯ ಹುಡುಗಿ ಪತ್ರವನ್ನು ಲಕೋಟೆಗೆ ಹಾಕುವ ಮೊದಲು ನೋಡಿ, "ಅಜ್ಜಿ, ಇಲ್ಲಿ ಒಬ್ಬರ ಸಹಿ ಬಿಟ್ಟದ" ಎಂದಳು.

"ಬಿಟ್ಟಿಲ್ಲವ್ವಾ. ಅವರು ಮಾಡಿಲ್ಲ. ನೀ ಅಂಟಸು."

ಅವಳು ಅಂಟಿಸಿ, ತೂಕ ಮಾಡಿ, ಮುದ್ರೆ ಒತ್ತಿ ಲಕೋಟೆಯನ್ನು ಹಿಂದಿನ ಚೀಲಕ್ಕೆ ಹಾಕಿದಳು. ಧನರಾಜನಿಗೆ ತೋರಿಸಬೇಕಾದ ಚೀಟಿಯನ್ನು ನನ್ನ ಕೈಗೆ ಕೊಟ್ಟಳು.