ಸಣ್ಣ ಮಾಡಿ ಎಳದ ಕೆಂಪು ಗೆರಿ

ಹೇಮಾನ ಕೈ ಭಾಳ ಛಲೋ ಅಂತ ಎಲ್ಲಾರೂ ನನ್ನ ಹೊಗಳತಿದ್ರು. ಆ ಹೊಗಳಿಕಿಗಿಷ್ಟು ಬೆಂಕಿ ಹಾಕ.

ಎರಡು ಸಾವಿರದ ಎರಡನೇ ಇಸವ್ಯಾಗ ನಾ ಗಂಗಾವತ್ಯಾಗ ಸ್ಕ್ಯಾನ್ ಸೆಂಟರಿಗೆ ಸೇರಿದ್ನಿ. ಮಷೀನು ತಲಿ ಒಳಗಿನ ಫೋಟೋ ತೆಗದು ಫಿಲ್ಮ್ ಕೊಡತಿತ್ತು. ಅದನ್ನ ಲೈಟಿನ ಪೆಟ್ಟಿಗಿ ಮ್ಯಾಲ ಹಚ್ಚಿ, "ಗಡ್ಡಿ ಇಲ್ಲಿಂದ ಇಲ್ಲೀತನ ಐತಿ ನೋಡವಾ" ಅಂತ ಡಾಕ್ಟರು ಬೆರಳು ಓಡಸಾವ್ರು. ನಾ ಮೇಣದ ಕೆಂಪು ಪೆನ್ಸಿಲ್ಲಿಲೆ ಸುತ್ತಲೂ ಗೆರಿ ಎಳಿತಿದ್ನಿ. ಅಳತಿ ಎಲ್ಲಾ ಇಂಗ್ಲಿಷ್ ರಿಪೋರ್ಟಿನ್ಯಾಗ ಇರತಿತ್ತು, ಅದನ್ನ ಯಾರು ಓದ್ಯಾರ? ನಮ್ಮ ಮಂದಿ ಫಿಲ್ಮ್ ಬಿಸಲಿಗೆ ಹಿಡದು, ಕೆಂಪು ಗೆರಿ ಎಷ್ಟು ದೊಡ್ಡದೈತಿ ಅಂತ ನೋಡಿ, ಗೇಟಿನ್ಯಾಗ ನಿಂತ ತೀರ್ಮಾನ ಮಾಡಿಬಿಡತಿದ್ರು.

ಮರುವರ್ಷ ಸಿದ್ದಾಪುರದ ತಾಜಬೀ ಚಾಚಿ ಬಂದ್ಲು. ನಾ ಸಾಲಿಗೆ ಹೋಗಾಗ ನನ್ನ ಲಂಗಾ, ಜಂಪರ್ ಹೊಲದಾಕಿ ಅಕಿನ. ತಲಿ ಸಿಡಿತೈತಿ, ಸೂಜ್ಯಾಗ ದಾರ ಪೋಣಸಾಕ ಆಗವಲ್ದು ಅಂತ ಗಂಡ ಮದಾರಸಾಬ ಕರಕೊಂಡು ಬಂದಿದ್ದ.

"ಲಿಂಬಿಹಣ್ಣಿನಷ್ಟೈತಿ. ಕಣ್ಣಿನ ನರ ಒತ್ತಾಕತ್ತೈತಿ," ಅಂದ್ರು ಡಾಕ್ಟರು, ಒಳಗ ನನಗಷ್ಟ. "ಕ್ಯಾನ್ಸರ್ ಇದ್ದಂಗಿಲ್ಲ. ಲಗೂ ತೆಗಸಿದ್ರ ಕಣ್ಣು ಉಳಿತಾವು. ಹುಬ್ಬಳ್ಳಿಗೆ ಕಳಸು."

ಹೊರಗ ಬೆಂಚಿನ ಮ್ಯಾಲ ಚಾಚಿ ಅಳಾಕತ್ತಿದ್ಲು. ಮಗಳು ನಾಹೀದಾನ ಶಾದಿ ಗೊತ್ತಾಗಿತ್ತು, ಅದನ್ನ ನೋಡ್ತೀನೋ ಇಲ್ಲೋ ಅಂತ ಅಕಿ ಚಿಂತಿ. ಹುಬ್ಬಳ್ಳಿ ಡಾಕ್ಟರು ಹೆಂಗೂ ರಿಪೋರ್ಟ್ ಓದತಾರ, ಚಾಚಿಗಷ್ಟು ಧೈರ್ಯ ಬರಲಿ ಅಂತ, ಗಡ್ಡಿ ಅಂಚು ಬಿಟ್ಟು ಒಳಗ ಕಡ್ಲಿಕಾಳಷ್ಟು ಗೆರಿ ಎಳದ್ನಿ. ಎಂಥಾ ಶಾಣ್ಯಾಕಿ ನಾನು!

ಲಗೂ ಹೋಗ್ರಿ ಅಂತ ಬಾಯಿಲೆ ಹೇಳಿದ್ನಿ, ಇಲ್ಲಂತಿಲ್ಲ. ಮದಾರಸಾಬ ಗೇಟಿನ್ಯಾಗ ಫಿಲ್ಮ್ ಎತ್ತಿ ಹಿಡದು, "ಇಷ್ಟ ಐತಲ್ಲ, ಶಾದಿ ಮುಗಿಸಿ ಹೋಗೂಣು" ಅಂದ. ಚಾಚಿ ಕಣ್ಣು ಒರಿಸಿಕೊಂಡು ನಕ್ಕಳು. ಕಿಡಕ್ಯಾಗ ನಿಂತು ನಾ ಎಲ್ಲಾ ಕೇಳಿಸಿಕೊಂಡ್ನಿ. ಓಡಿಹೋಗಿ ಖರೇ ಹೇಳಬೇಕಿತ್ತು. ಡಾಕ್ಟರ್ ಬೈತಾರ, ಚಾಚಿ ಮತ್ತ ಅಳತಾಳ ಅಂತ ಸುಮ್ಮನಾದ್ನಿ.

ಐದು ತಿಂಗಳಾದ ಮ್ಯಾಲ ಆಪರೇಷನ್ ಆತು. ಜೀವ ಉಳೀತು, ಎರಡೂ ಕಣ್ಣು ಹೋದವು.

ನಾ ಸಿದ್ದಾಪುರಕ್ಕ ಹೋದಾಗ ಚಾಚಿ ಹೊಲಿಗಿ ಮಷೀನಿನ ಬಾಜೂಕ ಕುಂತಿದ್ಲು. ಮದಾರಸಾಬ ನನಗ ಚಾ ಕೊಟ್ಟು, "ನೀ ನೋಡಿದಾಗ ಕಾಳಷ್ಟಿತ್ತು. ಐದು ತಿಂಗಳಾಗ ಲಿಂಬಿಹಣ್ಣಾಗೇತ್ಯವಾ. ಅಲ್ಲಾನ ಮರ್ಜಿ, ನಾವೇನ ಮಾಡೂಣು," ಅಂದ.

ಹೂಂ ಅಂದು ಚಾ ಕುಡದು ಎದ್ದು ಬರಬಹುದಿತ್ತು. ಅವರಿಗೂ ಸಮಾಧಾನ, ನನಗೂ ಸಮಾಧಾನ. ಆದ್ರ ನಾ ಚಾದ ಕಪ್ಪು ಕೆಳಗ ಇಟ್ನಿ.

"ಅದು ಬೆಳದಿಲ್ಲ ಚಾಚಾ. ಆವತ್ತೂ ಅಷ್ಟ ಇತ್ತು. ಚಾಚಿ ಅಂಜಬಾರದಂತ ನಾನ ಸಣ್ಣ ಮಾಡಿ ಗೆರಿ ಎಳದಿದ್ನಿ."

ಮದಾರಸಾಬ ಎದ್ದು ಹೊರಗ ಹೋದ. ಚಾಚಿ ಬೈತಾಳ ಅಂತ ನಾ ತಲಿ ತಗ್ಗಿಸಿ ಕುಂತಿದ್ನಿ, ಅಕಿ ಬೈಯಲಿಲ್ಲ.

"ಶಾದಿ ದಿನಾನ ನಾಹೀದಾನ ಮಾರಿ ನನಗ ಸರಿ ಕಾಣಲಿಲ್ಲ ಬೇಟಿ," ಅಂದ್ಲು. "ಕಣ್ಣಾಗ ನೀರು ಬಂದಾವು, ಅದಕ್ಕ ಕಾಣವಲ್ದು ಅನಕೊಂಡು ಒರಿಸಿಕೋತನ ಇದ್ದೆ. ಖರೇ ಹೇಳಿದ್ದರ ಶಾದಿ ಮುಂದ ಹಾಕತಿದ್ನಲ್ಲ."