ತಿಂಗಳಿಗೊಂದು ಬಿಲ್ಡ್

‘ಕಡ್ಡಾಯ ಮಾಡೋಣ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ?’ ಎಂದು ಅವನು ಕೈಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟ. ಚಿತ್ರ ಬರೆಯುವ ಆ ಸಾಫ್ಟ್‌ವೇರಿಗೆ ಹನ್ನೆರಡು ವರ್ಷದಿಂದ ಅವನೇ ಯಜಮಾನ. ಅವನು ಪೆನ್ನಿಟ್ಟರೆ ಮಾತು ಮುಗಿಯಿತೆಂದೇ ಅರ್ಥ.

ವಿಷಯ ಇಷ್ಟೆ. ಸಾಫ್ಟ್‌ವೇರನ್ನು ಬಿಲ್ಡ್ ಮಾಡುವಾಗ, ಅಂದರೆ ಮೂಲ ಕೋಡಿನಿಂದ ಮಷೀನಿನಲ್ಲಿ ಓಡುವಂತೆ ಕಟ್ಟಿಕೊಳ್ಳುವಾಗ, ಒಂದು ಪ್ರಶ್ನೆ ಎದುರಾಗುತ್ತಿತ್ತು: ಬಣ್ಣ ತಿದ್ದುವ ಹೊಸ ಭಾಗ ಬೇಕೋ, ಬೇಡವೋ? ಬೇಕು ಎಂದರೆ ಹಳೆಯ ಮಷೀನುಗಳಲ್ಲಿ ಅದು ಓಡದು. ಬೇಡ ಎನ್ನುವವರಿಗಾಗಿ ತಂಡದವರು ಪ್ರತಿ ಸಲವೂ ಎಲ್ಲವನ್ನೂ ಎರಡೆರಡು ಬಾರಿ ಪರೀಕ್ಷಿಸಿ ಹೈರಾಣಾಗುತ್ತಿದ್ದರು. ಆ ಪ್ರಶ್ನೆಯನ್ನೇ ಕಿತ್ತುಹಾಕಿ ಹೊಸ ಭಾಗವನ್ನು ಕಡ್ಡಾಯ ಮಾಡಿದರೆ ಎಲ್ಲರ ತಲೆನೋವೂ ಹೋಯಿತು.

‘ಬೇಡ ಅನ್ನೋರು ಒಬ್ಬರಿದ್ದಾರೆ ಸಾರ್,’ ಎಂದಳು ಟೆಸ್ಟಿಂಗ್ ನೋಡಿಕೊಳ್ಳುವವಳು. ‘ಯಾವ ಮಷೀನಲ್ಲಿ ಯಾವಾಗ ಬಿಲ್ಡ್ ಆಯ್ತು ಅನ್ನೋ ಲಾಗ್ ನೋಡಿದೆ. ಒಂದೇ ಮಷೀನು. ತಿಂಗಳಿಗೊಂದು ಸಲ, ಭಾನುವಾರ ಮಾತ್ರ.’

ಅವನು ಮೇಜಿನ ಮೇಲಿಟ್ಟ ಪೆನ್ನನ್ನು ಮತ್ತೆ ಎತ್ತಿಕೊಂಡ. ಅದು ಅವನ ಅಕ್ಕನ ಮಷೀನು. ಊರಿನ ಆಚೆ ತುದಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದುಕೊಂಡು, ಫ್ಯಾಕ್ಟರಿಯೊಂದರ ಟೈಲ್ಸಿಗೆ ಈ ಸಾಫ್ಟ್‌ವೇರಿನಲ್ಲೇ ಬಳ್ಳಿ, ಹೂವು ಬರೆದುಕೊಡುತ್ತಿದ್ದಳು. ತಿಂಗಳ ಮೊದಲ ಭಾನುವಾರ ಅವನೇ ಹೋಗಿ ಆ ತಿಂಗಳ ಹೊಸ ಆವೃತ್ತಿಯನ್ನು ಬಿಲ್ಡ್ ಮಾಡಿಕೊಡುತ್ತಿದ್ದ. ಮುಗಿಯಲು ಒಂದು ಗಂಟೆ ಹಿಡಿಯುತ್ತಿತ್ತು. ಅಷ್ಟೂ ಹೊತ್ತು ಇಬ್ಬರೂ ಪರದೆ ನೋಡುತ್ತ ಕೂರುವುದು. ಮಾತು ಅಷ್ಟಕ್ಕಷ್ಟೆ.

‘ಯಾರಂತ ಗೊತ್ತಾ ಸಾರ್?’

‘ಯಾರೋ ಹವ್ಯಾಸಿ ಇರಬೇಕು.’ ಸುಳ್ಳು ಅದೆಷ್ಟು ಸಲೀಸಾಗಿ ಬಂತೆಂದರೆ ಮಹಾಶಯನಿಗೆ ಹೆಮ್ಮೆಯೇ ಆಯಿತು. ‘ಒಬ್ಬರಿಗೋಸ್ಕರ ಊರೆಲ್ಲ ಕಾಯ್ತಾ ಕೂರೋಕಾಗುತ್ತಾ?’

ಎಲ್ಲರೂ ನಕ್ಕರು. ಕಡ್ಡಾಯವಾಯಿತು.

ಹಾಗೆ ನೋಡಿದರೆ ಅವನು ಮಾಡಿದ್ದರಲ್ಲಿ ತಪ್ಪೇನಿತ್ತು? ಅಕ್ಕನಿಗೆ ಹೊಸ ಮಷೀನು ಕೊಡಿಸಿದರಾಯಿತು. ಅದರಲ್ಲಿ ಬಿಲ್ಡ್ ಮಾಡುವ ಗೋಜೇ ಇಲ್ಲ, ಎಲ್ಲವೂ ತಾನಾಗಿ ಬಂದು ಕೂರುತ್ತದೆ. ತಾನೂ ಹೋಗಬೇಕಾಗಿಲ್ಲ. ಈ ಕೊನೆಯದು ಹೊಳೆದಾಗ ಅವನಿಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆಫೀಸಿನಿಂದ ಸೀದಾ ಅವಳ ಮನೆಗೆ ಹೋದ.

ಅಕ್ಕ ಬಾಗಿಲು ತೆರೆದು ಹುಬ್ಬೇರಿಸಿದಳು. ‘ಇವತ್ತು ಭಾನುವಾರ ಅಲ್ವಲ್ಲೋ.’

ಹಳೆಯ ಮಷೀನಿನಲ್ಲಿ ಇನ್ನು ಬಿಲ್ಡ್ ಆಗದು, ಹೊಸದು ಕೊಡಿಸುತ್ತೇನೆ ಎಂದು ಹೇಳಿದ. ಮೀಟಿಂಗಿನಲ್ಲಿ ಹೇಳಿದಂತೆಯೇ, ಕಾರಣಸಮೇತ, ಎಲ್ಲೂ ತಡವರಿಸದೆ.

‘ಒಳ್ಳೇದಾಯ್ತು ಬಿಡು,’ ಎಂದಳು. ‘ಫ್ಯಾಕ್ಟರಿಯವರು ಹೊಸ ಮಷೀನು ಕೊಟ್ಟು ಎರಡು ವರ್ಷ ಆಯ್ತು. ಒಳಗಿನ ರೂಮಲ್ಲಿದೆ. ಕೆಲಸ ಎಲ್ಲ ಅದರಲ್ಲೇ.’

‘ಮತ್ತೆ ಪ್ರತಿ ತಿಂಗಳು ಈ ಹಳೇದರಲ್ಲಿ ಯಾಕೆ ನನ್ನ ಕೈಲಿ ಬಿಲ್ಡ್ ಮಾಡಿಸ್ತಿದ್ದೆ?’

‘ನೀನು ಅದಕ್ಕೇ ತಾನೇ ಬರ್ತಿದ್ದಿದ್ದು?’

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಏನಾದರೂ ಹೇಳಬಹುದಿತ್ತು. ವಾದದಲ್ಲಿ ಅವನದು ಎತ್ತಿದ ಕೈ.

‘ಭಾನುವಾರ ಬರ್ತೀನಿ. ಸುಮ್ನೆ,’ ಎಂದ.

‘ಬಂದು?’

ಅಕ್ಕ ಹಳೆಯ ಮಷೀನಿನ ಮುಂದೆ ಅವನು ಕೂರುತ್ತಿದ್ದ ಕುರ್ಚಿಯನ್ನು ಸೆರಗಿನಿಂದ ಒರೆಸಿ, ನೆಲದ ಮೇಲೆ ಹರಡಿದ್ದ ಮಾದರಿ ಟೈಲ್ಸುಗಳನ್ನು ಒಂದೊಂದಾಗಿ ಎತ್ತಿ ಅದರ ಮೇಲೆ ಪೇರಿಸತೊಡಗಿದಳು. ಅವನು ನಿಂತೇ ಇದ್ದ. ರಾಶಿ ಕೂತ ಮನುಷ್ಯನ ಎತ್ತರಕ್ಕೆ ಬಂದಾಗ ಅವಳು ಕೈ ನಿಲ್ಲಿಸಿದಳು. ಜಾರದಂತೆ ಅದನ್ನು ಎರಡೂ ಕೈಯಲ್ಲಿ ಅದುಮಿ ನೇರ ಮಾಡಿದಳು. ತನ್ನ ಕುರ್ಚಿಯನ್ನು ಅದರ ಪಕ್ಕಕ್ಕೆ ಎಳೆದುಕೊಂಡು, ಆರಿದ ಪರದೆ ನೋಡುತ್ತ ಕೂತಳು.