ಭಂಡಾರ ಮುಟ್ಟಿ ಹಾಕಿದ ಓಟು

ಯೂನಿಯನ್ ಚುನಾವಣೆ ಎಂದರೆ ಅಂದಾನಪ್ಪನವರಿಗೆ ಮೊದಲೆಲ್ಲ ಇಷ್ಟೇ: ಸಂಡೂರು ರಸ್ತೆಯ ತಮ್ಮ ಅದಿರು ಕ್ರಷರಿನ ಅಂಗಳದಲ್ಲಿ ಕೂತು ಚಹಾ ಕುಡಿಯುತ್ತ, ಯಾರ ಕೈ ಯಾರಿಗೆ ಎದ್ದಿತು ಅಂತ ನೋಡುವುದು. ಪ್ರಜಾಪ್ರಭುತ್ವದಲ್ಲಿ ಅವರಿಗೆ ಅಪಾರ ನಂಬಿಕೆಯಿತ್ತು, ಅದು ಕಣ್ಣಿಗೆ ಕಾಣುವವರೆಗೆ.

ಈ ಸಲ ಲೇಬರ್ ಆಫೀಸರು ಬಂದು, ಕೈ ಎತ್ತುವ ಆಟ ಮುಗಿಯಿತು, ಇನ್ನು ಚೀಟಿ, ಡಬ್ಬಿ, ಗುಪ್ತ ಮತದಾನ ಎಂದುಬಿಟ್ಟರು.

“ಗುಪ್ತ ಅಂದ್ರ ಯಾರಿಗೆ ಗುಪ್ತ?”

“ನಿಮಗ ರೀ, ಸಾವ್ಕಾರ್ರ,” ಎಂದ ಲೆಕ್ಕ ಬರೆಯುವ ರೈಟರ್ ಹಾಲೇಶ.

ಚೀನಾಕ್ಕೆ ಹೋಗುವ ಹಡಗು ಬಂದರಿನಲ್ಲಿ ಬಾಯಿ ತೆರೆದು ನಿಂತಿತ್ತು. ಅದು ತುಂಬಬೇಕಾದರೆ ಭಾನುವಾರವೂ ಕ್ರಷರ್ ಓಡಬೇಕು. ಆ ಭಾನುವಾರದ ಕೆಲಸದ ಕರಾರಿಗೆ ಯೂನಿಯನ್ ಅಧ್ಯಕ್ಷನ ಸಹಿ ಬೇಕು. ಲೋಡರ್ ಓಡಿಸುವ ಗುಡ್ಡಪ್ಪ ಸಾವ್ಕಾರರ ಮನುಷ್ಯ, ತೋರಿಸಿದಲ್ಲಿ ಸಹಿ ಹಾಕುವವ. ಎದುರಿಗೆ ನಿಂತ ಫಿಟ್ಟರ್ ಯಲ್ಲೇಶ, ‘ಭಾನುವಾರ ನಮ್ಮದು’ ಎನ್ನುವವ.

ಹಾಲೇಶನೇ ಉಪಾಯ ಹೇಳಿದ. ಸಾವ್ಕಾರರು ಉಚ್ಚಂಗೆಮ್ಮನ ಗುಡಿಯಿಂದ ಭಂಡಾರ ತರಿಸಿದರು. ಚಹಾದ ಹೊತ್ತಿಗೆ ಆ ಅರಿಶಿನದ ತಟ್ಟೆ ಎಲ್ಲರ ಮುಂದೆ ಹೋಯಿತು: ಮುಟ್ಟಿ ಆಣೆ ಮಾಡ್ರಿ, ಓಟು ಗುಡ್ಡಪ್ಪಗ. ಹಾಲೇಶ ಕುಚೋದ್ಯಕ್ಕೆ ಯಲ್ಲೇಶನ ಮುಂದೂ ಹಿಡಿದ. ಅವನೂ ಮುಟ್ಟಿದ.

ಎಣಿಕೆಯಾಯಿತು. ಇದ್ದಬದ್ದ ಓಟೆಲ್ಲ ಗುಡ್ಡಪ್ಪನಿಗೆ. ಯಲ್ಲೇಶನಿಗೆ ಸೊನ್ನೆ.

ಹಾಲೇಶ ಪೇಡೆ ತರಿಸಿದ. ಅಂದಾನಪ್ಪನವರು ಮುಟ್ಟಲಿಲ್ಲ.

“ಎಲ್ಲಾರೂ ಹಾಕ್ಯಾರ?”

“ಎಲ್ಲಾರೂರಿ.”

“ಆ ಯಲ್ಲ್ಯಾನೂ? ತನಗ ತಾನ ಹಾಕ್ಕೊಳ್ಳದಂಥ ಕ್ಯಾಂಡಿಡೇಟು ಯಾವ ದೇಶದಾಗ ಅದಾನಲೇ?”

ಯಲ್ಲೇಶನನ್ನು ಕರೆಸಿದರು. “ತಾಯಿ ಭಂಡಾರ ಮುಂದ ಬಂದಾಗ ಬ್ಯಾಡ ಅನ್ನಾಕ ಬರ್ತತೇನ್ರಿ? ಮುಟ್ಟಿದ ಮ್ಯಾಲೆ ಬ್ಯಾರೆ ಹಾಕಾಕ ಬರ್ತತೇನ್ರಿ?” ಎಂದ ಅವನು.

ಅವನು ಹೇಳಿದ್ದು ನಿಜ. ಆ ಅಂಗಳದಲ್ಲಿ ಭಂಡಾರದ ಮೇಲೆ ನಂಬಿಕೆ ಇಲ್ಲದವರು ಒಬ್ಬರೇ, ಅದನ್ನು ತರಿಸಿದವರು.

“ಆ ಮಂದಿ ಗುಡ್ಡ್ಯಾನ್ನ ತಮ್ಮ ಕಡೆ ಮಾಡ್ಕೊಂಡಾರ,” ಎಂದು ತೀರ್ಮಾನಿಸಿದರು ಅಂದಾನಪ್ಪ. ಗುಡ್ಡಪ್ಪನ ಹಿಂದೆ ಒಬ್ಬನನ್ನು ಬಿಟ್ಟರು. ವರದಿ ಬಂತು: ಗುಡ್ಡಪ್ಪ, ಯಲ್ಲೇಶ ಇಬ್ಬರೂ ಒಂದೇ ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ತಿಂದರು. ಆ ರಸ್ತೆಯಲ್ಲಿ ಇದ್ದದ್ದೇ ಒಂದು ಹೋಟೆಲು. ಆದರೆ ಸಂಶಯಕ್ಕೆ ಅಷ್ಟು ಭೂಗೋಳ ಬೇಕಿಲ್ಲ.

ಶುಕ್ರವಾರ ಗುಡ್ಡಪ್ಪ ತಲೆಗೆ ಎಣ್ಣೆ ಹಚ್ಚಿ, ಹೊಸ ಅಂಗಿ ತೊಟ್ಟು ಸಹಿ ಹಾಕಲು ಬಂದ.

“ಎಲ್ಲಿ ಹಾಕ್ಲಿರಿ?”

“ಓದಿದೇನು?”

“ಇಲ್ರಿ. ನೀವು ಹೇಳಿದ ಮ್ಯಾಲೆ ಓದೋದೇನ್ರಿ?”

ಅಂದಾನಪ್ಪ ಹಾಲೇಶನತ್ತ ನೋಡಿದರು. ಗುಡ್ಡಪ್ಪ ಓದದೆ ಸಹಿ ಹಾಕುತ್ತಾನೆಂದರೆ ಒಳಗೇನು ಬರೆದಿದೆಯೆಂದು ಅವನಿಗೆ ಮೊದಲೇ ಗೊತ್ತಿರಬೇಕು. ಹಾಲೇಶನೇ ಟೈಪು ಮಾಡಿಸಿದ್ದಲ್ಲವೇ? ಕರಾರನ್ನು ಗುಡ್ಡಪ್ಪನ ಪೆನ್ನಿನಡಿಯಿಂದ ಕಿತ್ತುಕೊಂಡು, ಹೊಸಪೇಟೆಯ ವಕೀಲರಿಗೆ ಕಳಿಸಿದರು.

“ಹಂಗಾದ್ರ ಈ ಭಾನುವಾರ ಮಂದಿ ಬರೋದು ಬ್ಯಾಡೇನ್ರಿ?” ಎಂದ ಗುಡ್ಡಪ್ಪ.

“ಬ್ಯಾಡ! ಯಾರೂ ಬರಬ್ಯಾಡ್ರಿ!”

ಗುಡ್ಡಪ್ಪ ಹಾಗೆಯೇ ಎಲ್ಲರಿಗೂ ತಿಳಿಸಿದ.

ಭಾನುವಾರ ಕ್ರಷರ್ ಸದ್ದಿಲ್ಲದೆ ನಿಂತಿತ್ತು. ಪಕ್ಕದ ಗಣಿಯ ಲಾರಿಗಳು ಬಂದರಿನತ್ತ ಸಾಲುಗಟ್ಟಿ ಹೋಗುತ್ತಿದ್ದವು. ಯಲ್ಲೇಶ ಮನೆಯಲ್ಲಿ ಮಧ್ಯಾಹ್ನದ ನಿದ್ದೆ ಹೊಡೆಯುತ್ತಿದ್ದ. ಅಂದಾನಪ್ಪನವರು ಖಾಲಿ ಅಂಗಳದಲ್ಲಿ ಒಂದು ಸುತ್ತು ಹಾಕಿ ಹಾಲೇಶನಿಗೆ ಫೋನ್ ಮಾಡಿದರು.

“ನೋಡಿದ್ಯಾ? ಒಬ್ಬನರ ಬಂದಾನೇನು? ಎಲ್ಲಾ ಒಂದಾಗ್ಯಾರ.”